ಕೋಳಿ ಸಾಹೇಬನ ಮೂವತ್ತೊಂಬತ್ತು ಕಾಗದ

ಏಕಸಂಬಿಯ ಹಾಲಸಿದ್ದ ಐವತ್ತೈದು ವರ್ಷದ ಬಾಳಿನಲ್ಲಿ ದೊಡ್ಡ ಸುಳ್ಳು ಹೇಳಿದವನಲ್ಲ. ಸತ್ಯದ ಮೇಲೆ ಅವನಿಗೆ ವಿಶೇಷ ಪ್ರೀತಿ ಇತ್ತೆಂದು ತಿಳಿಯಬೇಡಿ. ಇವತ್ತು ಹೇಳಿದ ಸುಳ್ಳು ನಾಳೆ ಅವನಿಗೇ ನೆನಪಿರುತ್ತಿರಲಿಲ್ಲ, ಹಾಗಾಗಿ ಆ ಕಸುಬು ಅವನಿಗೆ ಕೈಹತ್ತಲಿಲ್ಲ. ಎರಡು ಎಕರೆ ಹೊಲ, ಮೂರು ಎಮ್ಮೆ, ಹದಿನಾಲ್ಕು ಕುರಿ ಅವನ ಆಸ್ತಿ. ಸಂಜೆ ಕುರಿ ಎಣಿಸಿದರೆ ಒಮ್ಮೆ ಹದಿಮೂರು ಬರುತ್ತಿತ್ತು, ಒಮ್ಮೆ ಹದಿನೈದು. ಎರಡರ ನಡುವೆ ಏನೋ ಒಂದು ಇರಬೇಕು ಎಂದು ದೊಡ್ಡಿಯ ಬಾಗಿಲು ಹಾಕುತ್ತಿದ್ದ. ಇಂಥವನು ಹೇಳಿದ ಒಂದೇ ಒಂದು ಸುಳ್ಳು ಸೀದಾ ಅಮೆರಿಕಕ್ಕೆ ಹೋಯಿತು. ನಮ್ಮ ನಿಮ್ಮಂಥವರ ಸುಳ್ಳು ಚಿಕ್ಕೋಡಿ ದಾಟಿದರೆ ಹೆಚ್ಚು.

ಎಲ್ಲ ಶುರುವಾದದ್ದು ಒಂದು ದಪ್ಪ ಲಕೋಟೆಯಿಂದ. ಮೇಲೆ ಹಾಲಸಿದ್ದನ ತಂದೆ ಭರಮುವಿನ ಹೆಸರಿತ್ತು. ಭರಮು ಸತ್ತು ನಲವತ್ತಾರು ವರ್ಷವಾಗಿತ್ತು. ಹಾಲಸಿದ್ದ ಲಕೋಟೆಯನ್ನು ಎದೆಗವಚಿಕೊಂಡು ಪಕ್ಕದ ವಿರುಪಾಕ್ಷಪ್ಪ ಸಾಹುಕಾರರ ಮನೆಗೆ ಹೋದ. ವಿರುಪಾಕ್ಷಪ್ಪನವರಿಗೆ ಹದಿನೈದು ಎಕರೆ ಕಬ್ಬು, ಎಂಟು ಎಕರೆ ದ್ರಾಕ್ಷಿ, ಜೊತೆಗೆ ಊರಿನ ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯ ಇತ್ತು. ಅದಕ್ಕಿಂತ ಉಪಯೋಗದ್ದೆಂದರೆ ಅವರ ಸೊಸೆ ದೀಪಾಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು.

ದೀಪಾಲಿ ಓದಿ ಕನ್ನಡದಲ್ಲಿ ಹೇಳಿದಳು. ಬರೆದವರು ಅಮೆರಿಕದ ಒಂದು ಸಣ್ಣ ಕಾಲೇಜಿನ ಗ್ರಂಥಾಲಯದ ನೋರಾ ಎಂಬ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ನೋರಾಬಾಯಿ. ಲಾಯ್ಡ್ ಟಾಲಿವರ್ ಎಂಬ ಲೇಖಕರು ತೀರಿಕೊಂಡು ಎರಡು ವರ್ಷವಾಯಿತು. ಅವರ ಕಾಗದಪತ್ರ, ಕೈಬರಹ ಎಲ್ಲವೂ ನಲವತ್ತೊಂದು ಪೆಟ್ಟಿಗೆಗಳಲ್ಲಿ ಆ ಗ್ರಂಥಾಲಯದಲ್ಲಿವೆ.

"ನಲವತ್ತೊಂದ್ ಪೆಟ್ಟಿಗಿ ಅಂದ್ರ ಭಾಳ ದೊಡ್ಡ ಮನಿಶ್ಯಾ ಇರಬೇಕ್ ಬಿಡ" ಎಂದರು ವಿರುಪಾಕ್ಷಪ್ಪ.

ದೀಪಾಲಿ ಮೊಬೈಲಿನಲ್ಲಿ ಹುಡುಕಿದಳು. "ಇಲ್ರಿ ಮಾಮಾ. ನಾಕ್ ಪುಸ್ತಕ ಬರದಾರಂತ. ಓದಿದವರು ಮಾತ್ರ ಯಾರೂ ಕಾಣೂದಿಲ್ಲ."

ಅಮೆರಿಕದ ಈ ರೀತಿಯನ್ನು ನಾವು ಸ್ವಲ್ಪ ಗೌರವದಿಂದಲೇ ನೋಡಬೇಕು. ನಮ್ಮಲ್ಲಿ ಊರೆಲ್ಲ ಓದಿದವನ ಕೈಬರಹವೂ ಕೊನೆಗೆ ಶೇಂಗಾ ಕಟ್ಟುವ ಪೊಟ್ಟಣವಾಗಿ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತದೆ. ಅಲ್ಲಿ ಯಾರೂ ಓದದವನ ಧೋಬಿ ಚೀಟಿಗೂ ಒಂದು ನಂಬರು, ಒಂದು ಪೆಟ್ಟಿಗೆ, ಕಾಯಲು ಒಬ್ಬ ಬಾಯಿ. ಸತ್ತ ಮೇಲಾದರೂ ಒಬ್ಬರು ಓದುತ್ತಾರೆಂಬ ಭರವಸೆ ಇದ್ದರೆ ಯಾರಿಗೆ ತಾನೆ ಬರೆಯಲು ಹುರುಪು ಬರುವುದಿಲ್ಲ?

"ಟಾಲಿವರ್" ಎಂಬ ಹೆಸರು ಹಾಲಸಿದ್ದನಿಗೆ ಹೊಳೆಯಲಿಲ್ಲ. "ಕೋಳಿ ಸಾಕೂದು ಕಲಿಸಾಕ ಬಂದಿದ್ರಂತ" ಎಂದು ದೀಪಾಲಿ ಹೇಳಿದಾಗ ತಟ್ಟನೆ ಹೊಳೆಯಿತು. ಅವನು ಹುಟ್ಟುವ ಮೊದಲು ಅಮೆರಿಕದಿಂದ ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ಬಿಳಿ ಕೋಳಿ ಸಾಕುವುದನ್ನು ಕಲಿಸಲು ಬಂದು ಎರಡು ವರ್ಷ ಭರಮುವಿನ ಮನೆಯಲ್ಲಿದ್ದ. ಕೋಳಿಗಳು ಮೊದಲ ಮಳೆಗಾಲದಲ್ಲೇ ಸತ್ತವು, ಸಾಹೇಬ ಉಳಿದುಕೊಂಡ. ಕಲಿಸುವುದು ಏನೂ ಉಳಿಯದೆ ಭರಮುವಿನ ಹೆಂಡತಿ ಹೊಳೆವ್ವನ ಹತ್ತಿರ ರೊಟ್ಟಿ ಬಡಿಯುವುದನ್ನು ಕಲಿತು ಹೋದ. ಊರು ಅವನನ್ನು ಕೋಳಿ ಸಾಹೇಬ ಎಂದಿತು. ಹೋದ ಮೇಲೂ ಹತ್ತು ವರ್ಷ ಕಾಗದ ಬರೆಯುತ್ತಿದ್ದ.

ಲಕೋಟೆಯಲ್ಲಿ ಇನ್ನೂ ಎರಡು ಮಾತಿದ್ದವು. ಒಂದು, ಭರಮುವಿನ ಮನೆಯಿಂದ ಸಾಹೇಬನಿಗೆ ಹೋದ ಮೂವತ್ತೆಂಟು ಕಾಗದ ಆ ಪೆಟ್ಟಿಗೆಗಳಲ್ಲಿವೆ, ಬಹಳಷ್ಟರ ಕೆಳಗೆ ಭರಮುವಿನ ಹೆಬ್ಬೆಟ್ಟಿನ ಒತ್ತು ಇದೆ, ಅವುಗಳ ನಕಲು ಮನೆಯವರಿಗೆ ಕಳಿಸುವ ಇಚ್ಛೆ ಇದೆ. ಎರಡು, ಸಾಹೇಬ ಬರೆದ ಕಾಗದಗಳೇನಾದರೂ ಈ ಮನೆಯಲ್ಲಿ ಉಳಿದಿವೆಯೇ?

ಅಪ್ಪ ಸತ್ತಾಗ ಹಾಲಸಿದ್ದನಿಗೆ ಒಂಬತ್ತು ವರ್ಷ. ಭರಮು ಬದುಕಿನಲ್ಲಿ ಒಮ್ಮೆಯೂ ಫೋಟೋಕ್ಕೆ ನಿಂತವನಲ್ಲ. ಅಪ್ಪನ ಮುಖ ನೆನೆಸಿಕೊಂಡರೆ ಹಾಲಸಿದ್ದನಿಗೆ ಬರುತ್ತಿದ್ದದ್ದು ಒಂದು ಕಂಬಳಿ, ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ ಒಂದು ದಪ್ಪ ಹೆಬ್ಬೆರಳು, ಅಷ್ಟೇ. ಆ ಹೆಬ್ಬೆರಳು ಅಮೆರಿಕದಲ್ಲಿತ್ತು. ಅದು ತನಗೆ ಬೇಕು ಎಂದು ಅವನಿಗೆ ಅನ್ನಿಸಿದಷ್ಟು ಈ ಜನ್ಮದಲ್ಲಿ ಇನ್ನೇನೂ ಬೇಕೆನಿಸಿರಲಿಲ್ಲ.

ಅವನ ತಲೆ ಗೊಂದಲಕ್ಕೆ ಬಿದ್ದದ್ದು ಇಲ್ಲಿಯೇ. ನಮ್ಮ ಕಡೆ ಪಕ್ಕದ ಮನೆಯಿಂದ ಒಂದು ಬಟ್ಟಲು ಪಲ್ಯ ಬಂದರೆ ಬಟ್ಟಲನ್ನು ಬರಿದು ತಿರುಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಅಮೆರಿಕ ಅಪ್ಪನ ಹೆಬ್ಬೆಟ್ಟು ಕೊಡುತ್ತೇನೆ ಎಂದು ಕೈಚಾಚಿದೆ, ಜೊತೆಗೆ ನಿಮ್ಮಲ್ಲಿ ಏನಿದೆ ಎಂದು ಕೇಳಿದೆ. ಬರಿಗೈ ತೋರಿಸಿ ಹೆಬ್ಬೆಟ್ಟು ಇಸಿದುಕೊಳ್ಳುವುದು ಹೇಗೆ? ಅದೂ ವಿರುಪಾಕ್ಷಪ್ಪನವರ ಎದುರಿಗೆ?

"ಅದಾವ್ರಿ" ಎಂದ. "ಎಲ್ಲಾ ಅದಾವ. ಒಂದೂ ಹೋಗಿಲ್ಲ."

ದೀಪಾಲಿ ಅಲ್ಲಿಯೇ ಮೊಬೈಲಿನಿಂದ ಉತ್ತರ ಕಳಿಸಿದಳು. ಮರುದಿನವೇ ನೋರಾಬಾಯಿಯಿಂದ ಪ್ರಶ್ನೆಗಳು ಬಂದವು. ಕಾಗದಗಳನ್ನು ಎಲ್ಲಿ ಇಟ್ಟಿದ್ದೀರಿ?

"ಬ್ಯಾರೆ ಖೋಲಿ ಐತ್ರಿ."

"ಬಿಸಿಲು ಬೀಳ್ತೈತಿ ಏನಂತ ಕೇಳಾಕತ್ತಾರ."

"ಬೆಳಕ ಇಲ್ರಿ ಅಲ್ಲಿ. ಕರೆಂಟೂ ಇಲ್ಲ."

"ಇಲಿ, ಹುಳಾ?"

"ಬೆಕ್ಕ ಐತಿ ಅಂತ ಬರೀರಿ."

ದೀಪಾಲಿ ಇದನ್ನೆಲ್ಲ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಳು. ಕತ್ತಲೆಯ ಪ್ರತ್ಯೇಕ ಕೋಣೆ, ಇಲಿ ನಿವಾರಣೆಗೆ ಶಾಶ್ವತ ಸಿಬ್ಬಂದಿ. ನೋರಾಬಾಯಿಗೆ ಸಂತೋಷ ತಡೆಯಲಾಗಲಿಲ್ಲ. ಬರುವ ತಿಂಗಳು ತಾನೇ ಬರುತ್ತೇನೆ ಎಂದು ಬರೆದಳು.

ಹಾಲಸಿದ್ದ ಮನೆಗೆ ಓಡಿದ. ಎಪ್ಪತ್ತೇಳು ವರ್ಷದ ಹೊಳೆವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಕೋಳಿ ಸಾಯೇಬನ ಕಾಗದ ಎಲ್ಲಿ ಅದಾವ?"

"ಮನ್ಯಾಗ ಅದಾವ. ಎಲ್ಲಿ ಹೋಗ್ತಾವ?"

ಹಾಲಸಿದ್ದನಿಗೆ ಹೋದ ಜೀವ ಬಂದಂತಾಯಿತು. ಬುಟ್ಟಿಯಿಂದ ಎರಡು ರೊಟ್ಟಿ ತೆಗೆದುಕೊಂಡು ಉಂಡು ಹುಡುಕಲು ಎದ್ದ. ಟ್ರಂಕು ಬಿಚ್ಚಿದ. ಜಂತಿಯ ಸಂದಿಗೆ ಕೈ ಹಾಕಿ ಚೇಳು ಕಡಿಸಿಕೊಂಡ. ಜೋಳದ ಕಣಜದೊಳಗೆ ಇಳಿದು ಹತ್ತಲಾರದೆ ಹೆಂಡತಿ ಮಾಯಾಳನ್ನು ಕೂಗಿದ. ಮರುದಿನ ಮತ್ತೆ ಕೇಳಿದ.

"ಮನ್ಯಾಗ ಅಂದ್ರ ಎಲ್ಲಿಬೇ?"

"ಅಡಗಿ ಮನ್ಯಾಗ. ಮುಂಜಾನಿ ಸಂಜಿ ಕೈ ಹಾಕಿ, ಮತ್ತ ಎಲ್ಲಿ ಅಂತ ಕೇಳ್ತಿಯಲ್ಲೋ ಖೋಡಿ" ಎಂದು ಹೊಳೆವ್ವ ರೇಗಿದಳು.

ಅಡುಗೆ ಮನೆಯ ಒಂದೊಂದು ಡಬ್ಬಿಯನ್ನೂ ಅವನು ಬಗ್ಗಿಸಿದ. ಅರಿಸಿನ ಖಾರದಲ್ಲಿ ಬೆರೆಯಿತು, ಕಾಗದ ಸಿಗಲಿಲ್ಲ. "ಅವ್ವಗ ಮರವು ಹತ್ತೈತಿ" ಎಂದು ಮಾಯಾಳಿಗೆ ಪಿಸುಗುಟ್ಟಿದ.

"ಯಾರಿಗರ ಹತ್ತೈತಿ ಬಿಡ್ರಿ" ಎಂದಳು ಮಾಯಾ, ಖಾರ ಜರಡಿ ಹಿಡಿಯುತ್ತ.

ಅಷ್ಟರಲ್ಲಿ ವಿರುಪಾಕ್ಷಪ್ಪನವರು ಆ ಬ್ಯಾರೆ ಖೋಲಿಯನ್ನು ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು. ಬ್ಯಾರೆ ಖೋಲಿ ಎಂದರೆ ಎಮ್ಮೆಯ ಕೊಟ್ಟಿಗೆಯ ಪಕ್ಕದ ಮೇವಿನ ಕೋಣೆ. ಹಾಲಸಿದ್ದ ಗಾಬರಿಯಲ್ಲಿ ಮೇವನ್ನೆಲ್ಲ ಹೊರಗೆ ಒಗೆದು, ನಿಪ್ಪಾಣಿಗೆ ಹೋಗಿ ಒಂದು ದೊಡ್ಡ ಬೀಗ ತಂದು ಬರಿ ಕೋಣೆಗೆ ಜಡಿದ. "ಅಮೆರಿಕಾದವರು ಬರೂ ತನಕಾ ತೆಗಿಬ್ಯಾಡ್ರಿ ಅಂದಾರ್ರಿ" ಎಂದು ಅವರಿಗೆ ಹೇಳಿದ.

ಬೀಗದ ಮಹಿಮೆ ದೊಡ್ಡದು. ಹಾಲಸಿದ್ದನ ಬಾಯಿಮಾತನ್ನು ಅರ್ಧ ಊರು ನಂಬಿತ್ತು; ಬೀಗವನ್ನು ಪೂರ್ತಿ ಊರು ನಂಬಿತು. ಮೂರೇ ದಿನಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. "ಅಮೆರಿಕಾ ಪತ್ರ ಭಂಡಾರದ ಒಡೆಯರಾದ ಹಾಲಸಿದ್ದ ಅವರಿಗೆ ಹಾರ್ದಿಕ ಅಭಿನಂದನೆಗಳು" ಎಂದು ಮೇಲೆ. ಕೆಳಗೆ ಸಾಹೇಬನ ಫೋಟೋ ಸಿಗದೆ ಹಾಕಿದ ಯಾರೋ ಗಡ್ಡದ ಬಿಳಿಯ ಮನುಷ್ಯ, ಒಂದು ಹುಂಜ, ಮತ್ತು ಎರಡಕ್ಕಿಂತ ದೊಡ್ಡದಾಗಿ ಶುಭ ಕೋರುವ ವಿರುಪಾಕ್ಷಪ್ಪನವರು. ಫ್ಲೆಕ್ಸ್ ನೋಡಿ ಪಂಚಾಯಿತಿಯಿಂದ ಒಬ್ಬ ಅಧಿಕಾರಿ ಬಂದರು. ಬೀಗವನ್ನು ಎರಡು ಸಲ ಜಗ್ಗಿ ನೋಡಿ "ಭಂಡಾರ ಸುರಕ್ಷಿತವಾಗಿದೆ" ಎಂದು ಬರೆದುಕೊಂಡು, ಚಹಾ ಕುಡಿದು ಹೋದರು.

ಆಮೇಲೆ ಜನ ಬರಲು ಶುರುವಾಯಿತು. ನೋಡಲಿಕ್ಕಲ್ಲ, ಇಡಲಿಕ್ಕೆ. ಮುದುಕ ಸಿದರಾಯ ತನ್ನ ತಮ್ಮ ಮಿಲಿಟರಿಯಿಂದ ಬರೆದ ಕಾಗದಗಳ ತಂತಿಯನ್ನು ಹಾಗೆಯೇ ತಂದ. ಆ ಕಾಲದ ರೂಢಿಯಂತೆ ಒಂದರ ಮೇಲೊಂದು ಚುಚ್ಚಿ ಜಂತಿಗೆ ನೇತು ಹಾಕಿದ ತಂತಿ ಅದು. "ನಮ್ಮನ್ಯಾಗ ಗೆದ್ದಲ ಹತ್ತೈತಿ. ನಿಮ್ಮ ಭಂಡಾರದಾಗ ಒಂದ್ ಮೂಲಿ ಕೊಡ" ಎಂದ. ಒಬ್ಬಳು ಸತ್ತ ಗಂಡ ಮುಂಬಯಿ ಗಿರಣಿಯಿಂದ ಬರೆದ ಕಾರ್ಡುಗಳನ್ನು ತಂದಳು. ಅಂಗಡಿಯ ಜಯಪಾಲ ಸಣ್ಣದೊಂದು ಗಂಟು ತಂದು, "ಇದನ್ನ ನಮ್ಮ ಮನ್ಯಾಗ ಇಡಾಕ ಬರೂದಿಲ್ಲ" ಎಂದು ಕಣ್ಣು ತಗ್ಗಿಸಿ ಕೊಟ್ಟು ಹೋದ. ಬೇಡ ಎಂದರೆ ಗುಟ್ಟು ಬಯಲಾದೀತೆಂದು ಹಾಲಸಿದ್ದ ಎಲ್ಲವನ್ನೂ ಇಸಿದುಕೊಂಡ. ತಿಂಗಳು ಮುಗಿಯುವುದರೊಳಗೆ ಬರಿ ಕೋಣೆ ತುಂಬಿತು. ಇಡೀ ಊರಿನ ಕಾಗದ ಅಲ್ಲಿತ್ತು, ಕೋಳಿ ಸಾಹೇಬನದೊಂದನ್ನು ಬಿಟ್ಟು. ಹೊರಗೆ ಬಿದ್ದ ಮೇವು ಮಳೆಗೆ ತೊಯ್ದು ಎಮ್ಮೆಗಳು ಮುನಿಸಿಕೊಂಡವು.

ನೋರಾಬಾಯಿ ಬಂದ ದಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರವತ್ತರ ಹತ್ತಿರದ ತೆಳ್ಳನೆಯ ಹೆಂಗಸು, ಮೃದು ಮಾತು, ಕೈಯಲ್ಲಿ ಒಂದು ಬೂದು ಬಣ್ಣದ ಪೆಟ್ಟಿಗೆ. ಅಥಣಿಯಿಂದ ನಿವೃತ್ತ ಶಾಲಾ ಮಾಸ್ತರ ಜಿನ್ನಪ್ಪನವರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಆ ಕಾಲದಲ್ಲಿ ಭರಮು, ಹೊಳೆವ್ವ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವರು, ಸಾಹೇಬ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದವರು ಅವರೇ. ಹಾಗಾಗಿ ಮೂವತ್ತೆಂಟು ಕಾಗದದ ಲೇಖಕ ತಾನೆಂದು ಅವರ ನಂಬಿಕೆ. ಎಂಬತ್ತೊಂದನೆಯ ವಯಸ್ಸಿನಲ್ಲಿ ಅಮೆರಿಕ ತನ್ನನ್ನು ಗುರುತಿಸಿತಲ್ಲ ಎಂದು ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿಕೊಂಡು ಬಂದಿದ್ದರು.

ಹಾಲಸಿದ್ದ ಬೀಗ ತೆಗೆದ. ನೋರಾಬಾಯಿ ಒಳಗೆ ಹೋದಳು. ಕೈಗೆ ಬಂದದ್ದನ್ನು ಹೂವಿನಂತೆ ಎತ್ತಿ ನೋಡಿದಳು. ದೀಪಾಲಿ ಒಂದೊಂದಾಗಿ ಓದಿ ಹೇಳಿದಳು. ಮಿಲಿಟರಿ. ಗಿರಣಿ. ಮದುವೆ. ಜಯಪಾಲನ ಗಂಟನ್ನು ಎರಡು ಸಾಲು ಓದಿ ಮುಖ ಕೆಂಪಾಗಿ ಮಡಿಚಿಟ್ಟಳು. ಒಂದು ತಾಸಾಯಿತು. ನೋರಾಬಾಯಿ ಹೊರಗೆ ಬಂದು ಏನೋ ಕೇಳಿದಳು.

"ಇಂಥಾ ಕೋಣಿ ಎಲ್ಲೂ ನೋಡಿಲ್ಲಂತ. ಭಾಳ ಛಲೋ ಐತಂತ" ಎಂದಳು ದೀಪಾಲಿ. ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರ ಟಾಲಿವರ್ ಅವರ ಕಾಗದ ಎಲ್ಲಿ ಅಂತ ಕೇಳಾಕತ್ತಾರ ಕಾಕಾ" ಎಂದಳು.

ಊರು ಕಿವಿಯಾಯಿತು. ಹಾಲಸಿದ್ದ ಬಾಯಿ ತೆರೆದಾಗ, ಅವನಿಗೇ ಆಶ್ಚರ್ಯವಾಗುವಂತೆ, ಸತ್ಯ ಹೊರಬಿತ್ತು.

"ಇಲ್ರಿ. ನಮ್ಮವ್ವ ಅದಾವ ಅಂತಾಳ, ನನಗ ಸಿಗವಲ್ಲು. ನಾ ಸುಳ್ಳ ಹೇಳೀನಿ. ನಮ್ಮಪ್ಪನ ಹೆಬ್ಬೆಟ್ಟ ಬೇಕಾಗಿತ್ತು, ಬರಿಗೈಲಿ ಹೆಂಗ ಕೇಳ್ಲಿ ಅಂತ ಹೇಳಿಬಿಟ್ಟೆ."

"ನಾನು ಫ್ಲೆಕ್ಸ್ ಹಾಕಿಸೀನಲ್ಲೋ ಹಾಲ್ಯಾ" ಎಂದರು ವಿರುಪಾಕ್ಷಪ್ಪ, ತುಂಬ ನೋವಿನಿಂದ.

ಇಂಥ ಹೊತ್ತಿನಲ್ಲಿ ನಮ್ಮ ಕಡೆ ಏನು ಮಾಡುತ್ತಾರೋ ಹೊಳೆವ್ವ ಅದನ್ನೇ ಮಾಡಿದಳು, ಎಲ್ಲರನ್ನೂ ಊಟಕ್ಕೆ ಕರೆದಳು. ಪಡಸಾಲೆಯಲ್ಲಿ ಎಲೆ ಬಿದ್ದವು. ಮಾಯಾ ಎಣಗಾಯಿ ಬಡಿಸಿದಳು. ಹೊಳೆವ್ವ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಬಂದು ನೋರಾಬಾಯಿಯ ಮುಂದೆ ಇಟ್ಟಳು.

"ಇಷ್ಟ ಜನಾ ಕೂಡಿ ಹುಡುಕಿದ್ರಿ, ಒಬ್ಬರಿಗರ ಕಣ್ಣ ಅದಾವಿಲ್ಲೋ? ಇದ ಅಲ್ಲೇನ ಸಾಯೇಬನ ಕಾಗದ?"

ಎಲ್ಲರೂ ಬುಟ್ಟಿಯನ್ನು ನೋಡಿದರು. ಬೂದುಗಂದು ಬಣ್ಣದ, ದಪ್ಪ ಅಂಚಿನ, ಹಗುರ ಬುಟ್ಟಿ. ನಮ್ಮ ಹೆಂಗಸರು ರದ್ದಿ ಕಾಗದ ನೆನೆಹಾಕಿ, ಮೆಂತ್ಯ ಅರೆದು ಕೂಡಿಸಿ, ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಒಣಗಿಸಿ ಮಾಡುವ ಬುಟ್ಟಿ.

"ಮಾಸ್ತರಗ ವರ್ಗ ಆತು. ಓದಿ ಹೇಳವರು ಯಾರೂ ಇಲ್ಲ, ಬರದ ಕೊಡವರು ಇಲ್ಲ. ಉತ್ತರಾ ಕಾಣದ ಸಾಯೇಬನೂ ಸುಮ್ಮನಾದ. ಮೂವತ್ತೊಂಬತ್ತ ಕಾಗದ ಇದ್ದೂ. ಇಲಿ ಕಡಿಯಾಕ ಹತ್ತಿದೂ. ಹೋಗ್ಲಿ ಅಂತ ಬಿಡಾಕ ಬರ್ತೈತಿ? ಅಣ್ಣನಂಥವ ಬರದ ಕಾಗದ. ಮೆಂತ್ಯಾ ಬಿದ್ದರ ಇಲಿ ಮೂಸಿ ನೋಡೂದಿಲ್ಲ, ಹುಳಾ ಹತ್ತೂದಿಲ್ಲ. ಅದಕ್ಕ ಬುಟ್ಟಿ ಮಾಡಿದೆ. ನಲವತ್ತ ವರ್ಷ ಆತು, ಒಂದ್ ಚೂರ ಹೋಗಿಲ್ಲ." ಮಗನ ಕಡೆ ತಿರುಗಿದಳು. "ಕುಟ್ಟಿದವ ನೀನ ಅಲ್ಲೇನೋ? ಬೆಲ್ಲಾ ಕೊಡತೇನಿ ಅಂದಾಗ ಒಣಕಿ ಹಿಡದಿದ್ದಿ."

ಹಾಲಸಿದ್ದನಿಗೆ ಬೆಲ್ಲ ನೆನಪಾಯಿತು. ಕಾಗದ ನೆನಪಾಗಲಿಲ್ಲ. ಹನ್ನೆರಡು ವರ್ಷದವನಿದ್ದಾಗ ತಾನೇ ಕೋಳಿ ಸಾಹೇಬನ ಕಾಗದಗಳನ್ನು ಒಂದು ಮಧ್ಯಾಹ್ನವೆಲ್ಲ ಕುಟ್ಟಿ ಹಿಟ್ಟು ಮಾಡಿ, ಈಗ ತಿಂಗಳಿಡೀ ಆ ಬುಟ್ಟಿಯಿಂದಲೇ ರೊಟ್ಟಿ ತೆಗೆದುಕೊಂಡು ತಿಂದು ಅವನ್ನೇ ಹುಡುಕಿದ್ದ.

ದೀಪಾಲಿ ಹೆದರಿ ಹೆದರಿ ಇಂಗ್ಲಿಷಿನಲ್ಲಿ ಹೇಳಿದಳು. ನೋರಾಬಾಯಿಯ ಕೈಯ ರೊಟ್ಟಿ ಹಾಗೆಯೇ ನಿಂತಿತು. ಮೂವತ್ತು ವರ್ಷ ಕಾಗದ ಕಾಯ್ದ ಹೆಂಗಸು ಅದು. ಊರು ಅವಳು ಅಳುವುದನ್ನೇ ಕಾದು ಕುಳಿತಿತು. ಅವಳು ಒಂದೇ ಪ್ರಶ್ನೆ ಕೇಳಿದಳು.

"ಆ ಕಾಗದದಾಗ ಏನಿತ್ತು, ನೆನಪೈತೇನ ಅಂತ ಕೇಳಾಕತ್ತಾರ ಅಜ್ಜಿ."

"ನೆನಪಿಲ್ದ ಏನ? ಓದಾಕ ಬರವರು ಮರೀತಾರ, ಮತ್ತ ನೋಡಬಹುದಲ್ಲ ಅಂತ. ನನಗ ಒಮ್ಮಿ ಕೇಳಿದ್ರ ಅಷ್ಟ." ಹೊಳೆವ್ವ ಬುಟ್ಟಿಯ ಅಂಚಿನ ಮೇಲೆ ಕೈ ಇಟ್ಟಳು. "ಎಷ್ಟನೇದು ಬೇಕು?"

ನೋರಾಬಾಯಿ ಬೂದು ಪೆಟ್ಟಿಗೆಯಿಂದ ಒಂದು ತೆಳು ಹಾಳೆ ತೆಗೆದಳು. ಸಾಹೇಬ ಒಮ್ಮೊಮ್ಮೆ ತಾನು ಬರೆದದ್ದರ ನಕಲು ಇಟ್ಟುಕೊಳ್ಳುತ್ತಿದ್ದನಂತೆ. ಈ ಮನೆಗೆ ಬರೆದದ್ದರಲ್ಲಿ ಹಾಗೆ ಉಳಿದದ್ದು ಅದೊಂದೇ. ಹೋಗಿ ಎರಡನೆಯ ವರ್ಷ ಬರೆದದ್ದು.

"ಅದಾ? ಚಪ್ಪಲಿ ಅಂಗಡಿ ಮ್ಯಾಲ ಖೋಲಿ ಹಿಡದೀನಿ ಅಂತ ಬರದಿದ್ದ. ಅಲ್ಲಿ ಐಸ್ ಬೀಳ್ತೈತಂತ, ಭರಮುವಿನ ಕಂಬಳಿ ಇಲ್ಲದಿದ್ರ ಸಾಯ್ತಿದ್ದೆ ಅಂತ. ಪುಸ್ತಕ ಬಂತಂತ. ಮುನ್ನೂರ ಹೋದೂವಂತ, ಅದರಾಗ ಹನ್ನೆರಡ ಅವರವ್ವನ ಕೊಂಡಿದ್ಲಂತ. ಕೆಂಪ ಹ್ಯಾಟಿ ಇನ್ನೂ ತುಳಸಿ ಕಟ್ಟಿ ಮ್ಯಾಲ ಕೂಡ್ತೈತೇನ ಅಂತ ಕೇಳಿದ್ದ. ಕಡೀಕ, ಈ ದೇಶದಾಗ ನಾ ಏನ ಬರದ್ರೂ ಯಾರೂ ಓದೂದಿಲ್ಲ, ನನ್ನ ಕಾಗದ ಕೂತು ಕೇಳವರು ಏಕಸಂಬಿಯಾಗ ನೀವಿಬ್ಬರ ಅಂತ ಬರದಿದ್ದ."

ದೀಪಾಲಿ ಹೇಳುತ್ತ ಹೋದಳು, ನೋರಾಬಾಯಿ ಬೆರಳಿಟ್ಟು ಸಾಲು ನೋಡುತ್ತ ಹೋದಳು. ಕಂಬಳಿ ಸರಿ, ಮುನ್ನೂರು ಸರಿ, ಹನ್ನೆರಡು ಸರಿ, ಕೆಂಪು ಹ್ಯಾಟೆ ಕೋಳಿಯೂ ಸರಿ. ಕೊನೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದು ಸೆರಗಿಲ್ಲದ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು. ಊರಿಗೆ ತೃಪ್ತಿಯಾಯಿತು.

ಇಷ್ಟಾದ ಮೇಲೆ ಮಾಸ್ತರು ಸುಮ್ಮನಿರಬೇಕಿತ್ತು. "ನಾನು ಬರದದ್ದೂ ಒಂದ್ ಓದಸ್ರಿ, ಶೈಲಿ ಗೊತ್ತಾಗ್ಲಿ" ಎಂದರು. ನೋರಾಬಾಯಿ ಪೆಟ್ಟಿಗೆಯಿಂದ ಹೊಳೆವ್ವನ ಕೊನೆಯ ಕಾಗದದ ನಕಲು ತೆಗೆದು ಕೊಟ್ಟಳು. ದೀಪಾಲಿ ಕನ್ನಡದಲ್ಲಿ ಓದಿದಳು. "ಮಾನ್ಯರೇ, ಈ ಗ್ರಾಮದಲ್ಲಿ ಹನ್ನೆರಡು ವರ್ಷಗಳಿಂದ ಒಬ್ಬ ಯೋಗ್ಯ ಶಿಕ್ಷಕ ಕೊಳೆಯುತ್ತಿದ್ದಾನೆ. ಆತನ ವೃದ್ಧ ಮಾತಾಪಿತರು ಅಥಣಿಯಲ್ಲಿದ್ದಾರೆ. ವರ್ಗಾವಣೆಗಾಗಿ ಬರೆದ ಅರ್ಜಿಗಳು ಕಸದ ಬುಟ್ಟಿ ಸೇರಿವೆ. ಇದನ್ನು ನೆನೆದು ನನಗೆ ನಿದ್ದೆ ಬರುವುದಿಲ್ಲ."

"ನಾ ಹಂಗ ಅಂದಿಲ್ಲ" ಎಂದಳು ಹೊಳೆವ್ವ. "ಎಮ್ಮಿ ಈದೈತಿ ಅಂತ ಹೇಳಿದ್ದೆ."

ಎಲ್ಲರ ಕಣ್ಣು ಜಿನ್ನಪ್ಪ ಮಾಸ್ತರರ ಮೇಲೆ ಬಿದ್ದವು. "ಎಮ್ಮೀದೂ ಐತಿ" ಎಂದರು ಅವರು ಮೆಲ್ಲಗೆ. "ಕೆಳಗ ನೋಡ್ರಿ, ಕಡೀ ಸಾಲಿನ್ಯಾಗ."

ನೋರಾಬಾಯಿ 'ಆ ಶಿಕ್ಷಕ ಇವರೇ?' ಎಂದು ಕೇಳಿ, ಇನ್ನೊಂದು ಹಾಳೆ ತೆಗೆದಳು. ಹೊಳೆವ್ವನ ಸಂಕಟ ನೋಡಲಾರದೆ ಟಾಲಿವರ್ ಸಾಹೇಬ ಇಲ್ಲಿಯ ಶಿಕ್ಷಣ ಇಲಾಖೆಗೆ ಮೂರು ಪುಟದ ಬಿನ್ನಹ ಬರೆದಿದ್ದ. ಅಮೆರಿಕದಿಂದ ಬಂದ ಪತ್ರ ನೋಡಿ ಯಾರಿಗೆ ಎದೆ ನಡುಗಿತೋ, ಮಾಸ್ತರರ ವರ್ಗಾವಣೆಗೆ ರುಜು ಬಿದ್ದಿತ್ತು. ಓದುವವರು ಹೋಗಿ, ಸಾಹೇಬನ ಕಾಗದಗಳು ಹೊಳೆವ್ವನಿಗೆ ಮೂಕವಾದದ್ದೂ ಅದರಿಂದಲೇ.

ಆ ವರ್ಗಾವಣೆಗೆಂದು ಮಾಸ್ತರು ಯಡೂರಿನ ವೀರಭದ್ರನಿಗೆ ಹರಕೆ ಹೊತ್ತು, ನಲವತ್ತನಾಲ್ಕು ವರ್ಷ ತಪ್ಪದೆ ಕಾಯಿ ಒಡೆಸಿದ್ದರು. ದೇವರು ದೊಡ್ಡವನು, ತನ್ನದಲ್ಲದ ಕೆಲಸದ ಕಾಯಿಯನ್ನೂ ಬೇಡವೆನ್ನದೆ ತೆಗೆದುಕೊಂಡಿದ್ದ. "ಹೊಳೆವ್ವಾ, ನಿನ್ನ ಕಾಗದದಾಗ ನನ್ನ ಸುದ್ದಿ ತುರುಕಿದೆ" ಎಂದು ಕೈ ಮುಗಿದರು. "ಆ ಪುಣ್ಯಾತ್ಮ ಅದನ್ನೂ ಓದಿದ. ನಮ್ಮವ್ವ ಅಪ್ಪ ನನ್ನ ತೊಡಿ ಮ್ಯಾಲ ಹೋದ್ರು, ನಿಮ್ಮಿಬ್ಬರ ಉಪಕಾರ."

"ನೀ ಓದಿ ಹೇಳಿದ್ದಕ್ಕ ನನ್ನ ಹೊಟ್ಯಾಗ ಅವು ಉಳದೂ. ಉಣ್ಣ, ರೊಟ್ಟಿ ಆರಾಕತ್ತೈತಿ" ಎಂದಳು ಹೊಳೆವ್ವ.

ನೋರಾಬಾಯಿ ಮೂರು ದಿನ ಉಳಿದಳು. ಹೊಳೆವ್ವ ರೊಟ್ಟಿ ಬಡಿಯುತ್ತ ಮೂವತ್ತೊಂಬತ್ತೂ ಕಾಗದ ಹೇಳಿದಳು. ಮಾಸ್ತರು ಅಲ್ಲಲ್ಲಿ ತಿದ್ದಲು ಹೋಗಿ ಬೈಸಿಕೊಂಡರು. ಎಲ್ಲವೂ ಒಂದು ಸಣ್ಣ ಯಂತ್ರದಲ್ಲಿ ಧ್ವನಿಮುದ್ರಣವಾಯಿತು, ನಡುನಡುವೆ ಎಮ್ಮೆಯ ದನಿಯೂ. ಹೊರಡುವ ದಿನ ಹಾಲಸಿದ್ದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಹೊಳೆವ್ವನೇ ಹೇಳಿದ್ದಳು, "ಅಂವ ಬರದದ್ದು ಅವನ ಪೆಟ್ಟಿಗಿ ಬಾಜೂಕ ಇರ್ಲಿ. ನಮಗ ಮಾಯಾ ಸ್ಟೀಲ್ ಡಬ್ಬಿ ತರ್ತೇನಿ ಅಂತ ಹತ್ತ ವರ್ಷ ಆತು, ಈಗರ ತಂದು ಕುಣೀಲಿ." ಬುಟ್ಟಿ ಬರಿದಿರಲಿಲ್ಲ. ಮೂವತ್ತೊಂಬತ್ತು ಶೇಂಗಾ ಉಂಡಿ ಅದರಲ್ಲಿದ್ದವು.

ಗ್ರಂಥಾಲಯದೊಳಗೆ ತಿನ್ನುವ ಪದಾರ್ಥ ಒಯ್ಯುವಂತಿಲ್ಲ, ಹುಳ ಬರುತ್ತವೆ ಎಂದು ನೋರಾಬಾಯಿ ಸಂಕೋಚದಿಂದ ಹೇಳಿದಳು. "ಬಾಗಲಾಗ ನಿಂತ ತಿನ್ನಂತ ಹೇಳ" ಎಂದಳು ಹೊಳೆವ್ವ. ಒಪ್ಪಿಗೆಯಾಯಿತು. ಆಮೇಲೆ ದೀಪಾಲಿ ಹಾಲಸಿದ್ದನಿಗೆ ಇನ್ನೊಂದು ಮಾತು ಹೇಳಿದಳು. ನೀವು ಏನೂ ಕೊಡದಿದ್ದರೂ ನಿಮ್ಮಪ್ಪನ ಕಾಗದದ ನಕಲು ನಿಮಗೆ ಬರುತ್ತಿತ್ತಂತೆ, ಅದು ನಿಮ್ಮದೇ ಅಂತೆ. ಹಾಲಸಿದ್ದನಿಗೆ ಚೇಳು, ಕಣಜ, ಬೀಗ ಎಲ್ಲ ಒಮ್ಮೆಗೇ ನೆನಪಾಗಿ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಮೂರು ತಿಂಗಳಿಗೆ ಪಾರ್ಸಲ್ ಬಂತು. ಮೇಲೆ ಗ್ರಂಥಾಲಯದ ಪಟ್ಟಿಯ ಒಂದು ಹಾಳೆ. ದೀಪಾಲಿ ಓದಿದಳು. "ಲಾಯ್ಡ್ ಟಾಲಿವರ್ ಸಂಗ್ರಹ, ಪೆಟ್ಟಿಗೆ ನಲವತ್ತೆರಡು. ಬುಟ್ಟಿ ಒಂದು. ಇದರೊಳಗೆ ಮೂವತ್ತೊಂಬತ್ತು ಕಾಗದಗಳಿವೆ. ಸ್ಥಿತಿ ಉತ್ತಮ. ಮೆಂತ್ಯದ ವಾಸನೆ ಇದೆ. ಮಾಡಿದವರು ಹೊಳೆವ್ವ. ಕುಟ್ಟಿದವರು ಹಾಲಸಿದ್ದ." ಉಂಡಿಗಳನ್ನು ಹನ್ನೊಂದು ಜನ ಬಾಗಿಲಲ್ಲಿ ನಿಂತು ತಿಂದರೆಂದೂ, ಅದರಲ್ಲಿ ನಾಲ್ಕು ಜನ ಈಗ ಟಾಲಿವರ್ ಪುಸ್ತಕ ಓದಲು ಶುರು ಮಾಡಿದ್ದಾರೆಂದೂ ನೋರಾಬಾಯಿ ಕೆಳಗೆ ಬರೆದಿದ್ದಳು.

"ನನ್ನ ಹೆಸರ ಇನ್ನೊಮ್ಮಿ ಓದವಾ" ಎಂದ ಹಾಲಸಿದ್ದ. ದೀಪಾಲಿ ಇನ್ನೊಮ್ಮೆ ಓದಿದಳು. ವಿರುಪಾಕ್ಷಪ್ಪನವರು ಎದ್ದು ಫ್ಲೆಕ್ಸಿನವನಿಗೆ ಫೋನ್ ಮಾಡಲು ಹೋದರು.

ಅದರ ಕೆಳಗೆ ಮೂವತ್ತೆಂಟು ನಕಲು. ಮೊದಲ ಹಾಳೆಯ ಕೆಳಗೇ ಇತ್ತು, ದಪ್ಪನೆಯ, ಒಂದು ಕಡೆ ಮುಳ್ಳು ಗೀರಿದ ಗೆರೆಯ ಹೆಬ್ಬೆಟ್ಟು. ಹಾಲಸಿದ್ದ ತನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟ. ಅಪ್ಪನದು ಸ್ವಲ್ಪ ದೊಡ್ಡದಿತ್ತು. ಅವನು ಬಹಳ ಹೊತ್ತು ಬೆರಳು ತೆಗೆಯಲಿಲ್ಲ, ಯಾರೂ ತೆಗೆ ಎನ್ನಲಿಲ್ಲ.

ಹದಿನೈದು ದಿನ ಸಂಜೆ ಸಂಜೆ ದೀಪಾಲಿ ಬಂದು ಅವನ್ನೆಲ್ಲ ಓದಿ ಹೇಳಿದಳು. ಭಂಡಾರದಲ್ಲಿ ಕಾಗದ ಇಟ್ಟವರೂ ಬಂದು ಕೂತು ಕೇಳಿದರು. ಮುಂದಿನ ಸರದಿ ತನ್ನ ತಮ್ಮನ ಮಿಲಿಟರಿ ಕಾಗದದ್ದು ಎಂದು ಸಿದರಾಯ ಮೊದಲೇ ಹೇಳಿಟ್ಟ. ಜಯಪಾಲ ಮಾತ್ರ ತನ್ನ ಗಂಟು ಎಲ್ಲಿದೆಯೆಂದು ದಿನಾ ವಿಚಾರಿಸಿ ಹೋಗುತ್ತಿದ್ದ. ಮೂವತ್ತೆಂಟನೆಯದೂ ಮುಗಿದು, ಎಮ್ಮೆ ಈದ ಸುದ್ದಿ ನಿಜವಾಗಿಯೂ ಕೊನೆಯ ಸಾಲಿನಲ್ಲಿರುವುದು ಎಲ್ಲರಿಗೂ ಖಾತ್ರಿಯಾದ ಮೇಲೆ, ಹೊಳೆವ್ವ ಹಾಳೆಗಳನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಉಜ್ಜಿ ನೋಡಿದಳು.

"ಅಮೆರಿಕಾದ ಕಾಗದ ಛಲೋ ಗಟ್ಟಿ ಐತಿ" ಎಂದಳು. "ಹಾಲ್ಯಾ, ಹೆಬ್ಬೆಟ್ಟಿನ ಹಾಳಿ ಒಂದ್ ನೀ ತಗದಿಡ. ಉಳಿದಾವು ನನಗ ಬಾಯಿಗೆ ಬಂದಾವ. ಮಾಯಾ, ಒಂದ್ ಬಟ್ಟಲಾ ಮೆಂತ್ಯಾ ನೆನಿ ಹಾಕ."

ಹಾಲಸಿದ್ದ ಹಾಳೆಯನ್ನು ಮಡಿಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಆಮೇಲೆ ಯಾರೂ ಹೇಳದೆಯೇ ಎದ್ದು ಹಿತ್ತಲಿಗೆ ಹೋಗಿ ಒನಕೆ ತೊಳೆಯತೊಡಗಿದ.